ಲಾಲಮ್ಮ ನೋಡದ ಗೋಲುಗಳು

ವಾಡಿಯ ಆ ಓಣಿಯಲ್ಲಿ ಲಾಲಮ್ಮನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬಳು ಪಕ್ಕದ ಮನೆಯ ಶಗುಫ್ತಾ, ಇನ್ನೊಂದು ಲಾಲಮ್ಮನ ಹೊಲಿಗೆ ಮಷೀನು. ಬೆಳಿಗ್ಗೆ ಮಷೀನಿನ ಮುಂದೆ ಕುಳಿತಳೆಂದರೆ ಕೆಳಗೆ ಕಾಲು ಓಡುತ್ತಿತ್ತು, ಮೇಲೆ ಬಾಯಿ ಓಡುತ್ತಿತ್ತು. ಆ ಬಾಯಿಯಿಂದ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡದ್ದು ಫುಟ್‌ಬಾಲ್. ಅದಕ್ಕೆ ಅವಳು ಇಟ್ಟ ಹೆಸರು 'ಹಾಳ ಚೆಂಡ'. ಗಂಡನ ಕಾಲುಚೀಲ ಒಗೆಯುವಾಗ ಹಾಳ ಚೆಂಡ, ಸಿಮೆಂಟಿನ ಧೂಳು ಹತ್ತಿದ ಜೆರ್ಸಿ ಕುಕ್ಕುವಾಗ ಹಾಳ ಚೆಂಡ, ಭಾನುವಾರ ಮಾಡಿಟ್ಟ ಪಲ್ಯ ಆರಿ ಹೋದಾಗಲಂತೂ ಕೇಳುವುದೇ ಬೇಡ.

ಅವಳ ಗಂಡ ಭೀಮಶ್ಯಾ ರೈಲ್ವೆಯಲ್ಲಿ ಗೇಟ್‌ಮನ್. ಚಿತ್ತಾಪುರದ ಕಡೆ ಹೋಗುವ ಹಳಿಯ ಮೇಲೆ ಅವನ ಗೇಟು. ಆದರೆ ಗೇಟಿನಿಂದ ಅವನಿಗೆ ಹೆಸರು ಬಂದದ್ದಲ್ಲ. 'ಜಂಕ್ಷನ್ ಬಾಯ್ಸ್' ಎಂಬ ಊರಿನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಒಂಬತ್ತನೇ ನಂಬರಿನ ಜೆರ್ಸಿ ಹಾಕಿಕೊಂಡು ಮುಂದೆ ನಿಲ್ಲುತ್ತಿದ್ದವನು ಅವನು. ಸೇಡಂನಿಂದ ಶಹಾಬಾದಿನವರೆಗೆ ಅವನನ್ನು 'ನೌ ನಂಬರ್ ಭೀಮ್ಯಾ' ಎಂದೇ ಕರೆಯುತ್ತಿದ್ದರು.

ಈಗ ಲಾಲಮ್ಮನ ಬಗ್ಗೆ ಊರಿಗೆ ಗೊತ್ತಿಲ್ಲದ ಒಂದು ಮಾತು ಹೇಳಬೇಕು. ಅಷ್ಟು ಬೈಯುತ್ತಿದ್ದ ಅವಳು ಗಂಡ ಆಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಗುಂಡಗುರ್ತಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹಣಮಮ್ಮ, "ಹೆಣ್ಮಕ್ಳು ಮೈದಾನಕ್ಕ ಹೋಗ್ತಾರೇನ ಎಲ್ಲಿಯಾರ?" ಎಂದಿದ್ದಳು. ಆಮೇಲೆ ಮಗಳು ಲುಂಬಿನಿ ಕಂಕುಳಿಗೆ ಬಂದಳು. ಆಮೇಲೆ ಮದುವೆ ಸೀಜನ್ನಿನ ಬ್ಲೌಸುಗಳು. ಇವೆಲ್ಲ ಮುಗಿದು, ಅತ್ತೆ ತೀರಿಕೊಂಡು, ಮಗಳು ನರ್ಸಿಂಗ್ ಓದಲು ಕಲಬುರಗಿಗೆ ಹೋಗಿ, ಕೈ ಖಾಲಿಯಾಗುವ ಹೊತ್ತಿಗೆ ಅವಳು ಆ ಚೆಂಡನ್ನು ಎಷ್ಟು ಬೈದಿದ್ದಳೆಂದರೆ, ಈಗ ಹೋಗಿ ಮೈದಾನದ ಅಂಚಿಗೆ ನಿಂತರೆ ಊರು ನಗದೆ ಬಿಡುತ್ತಿರಲಿಲ್ಲ. ಗಂಡನೂ ಒಂದು ದಿನ ಬಾ ಎಂದವನಲ್ಲ.

ಹೀಗಾಗಿ ಗಂಡನ ಗೋಲುಗಳೆಲ್ಲ ಅವಳಿಗೆ ಮಂದಿಯ ಬಾಯಿಂದ ಬಂದವು. ಅಡುಗೆಮನೆಗೆ ಹಾಸುಗಲ್ಲು ತರಲು ಶಹಾಬಾದಿಗೆ ಹೋದಾಗ ಕಲ್ಲಿನ ಅಂಗಡಿಯವನು ಕಲ್ಲು ತೋರಿಸುವುದನ್ನು ಬಿಟ್ಟು, ಭೀಮಶ್ಯಾ ಹೇಗೆ ಇಬ್ಬರ ನಡುವೆ ನುಸುಳಿ ಹೊಡೆದ ಎಂದು ಕೈ ಆಡಿಸಿ ಆಡಿಸಿ ಹೇಳಿದ. ಸೇಡಂ ಬಸ್ಸಿನ ಕಂಡಕ್ಟರ್ ಅವಳ ಗುರುತು ಹಿಡಿದು, "ನೌ ನಂಬರ್ ಮನಿಯವ್ರೇನ್ರಿ? ಬರ್ರಿ, ಇಲ್ಲಿ ಕುಂದ್ರಿ," ಎಂದು ಕಿಟಕಿಯ ಸೀಟು ಬಿಡಿಸಿಕೊಟ್ಟ. ಚಂದಾಪುರದಲ್ಲಿ ಒಂದು ಮದುವೆಗೆ ಹೋದಾಗ, ಗುರುತಿಲ್ಲದ ಹೆಂಗಸೊಬ್ಬಳು ಊಟದ ಪಂಕ್ತಿಯಲ್ಲಿ ಅವನ ಒಂದು ಗೋಲಿನ ಕಥೆ ಹೇಳಿದಳು. ಲಾಲಮ್ಮ ಎಲೆಯ ಮುಂದೆ ತಲೆ ತಗ್ಗಿಸಿ ಕೇಳಿದಳು. ಊರವರೆಲ್ಲ ಕಂಡ ತನ್ನ ಗಂಡನನ್ನು ತಾನೊಬ್ಬಳೇ ಕಂಡಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಅವಳದು. ಬೈಗುಳವೆಲ್ಲ ಅದರದ್ದೇ ಹೊಗೆ.

ಭೀಮಶ್ಯಾ ಕೊನೆಗೆ ಕೆಲವು ವರ್ಷ ಶಹಾಬಾದಿನ ಒಂದು ಕ್ಲಬ್ಬಿಗೆ ಆಡಲು ಹೋದ. ಅಲ್ಲಿ ಒಂದು ಮ್ಯಾಚಿನಲ್ಲಿ ಎಡಗಾಲಿನ ಮೊಣಕಾಲು ತಿರುಚಿತು. ಅದೇ ಹೊತ್ತಿಗೆ ಆ ಕ್ಲಬ್ಬಿನ ಹುಡುಗರು ಕೆಲಸ ಹುಡುಕಿಕೊಂಡು ದಿಕ್ಕಿಗೊಬ್ಬರಾದರು. ಕ್ಲಬ್ಬು ಚದುರಿತು, ಭೀಮಶ್ಯಾ ಮನೆಗೆ ಬಂದ. ಎರಡು ವರ್ಷದಿಂದ ಡ್ಯೂಟಿ, ಮನೆ, ಮತ್ತೆ ಡ್ಯೂಟಿ. ನೆಲಕ್ಕೆ ಕೂತು ಊಟ ಮಾಡಲು ಆಗುತ್ತಿರಲಿಲ್ಲ, ಕುರ್ಚಿಯ ಮೇಲೆ ಕೂತು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದ. ಮುಂಬಾಗಿಲಿನ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದ. ಲಾಲಮ್ಮ ದಿನಾ ಎಳ್ಳೆಣ್ಣೆ ಬಿಸಿ ಮಾಡಿ ಮೊಣಕಾಲಿಗೆ ತಿಕ್ಕುತ್ತಿದ್ದಳು, ತಿಕ್ಕುತ್ತಾ ಬೈಯುತ್ತಿದ್ದಳು. "ಯಾರ ಮುಂದನೂ ಹೇಳಬ್ಯಾಡ," ಎಂದು ಅವನು ಮೊದಲೇ ಮಾತು ತೆಗೆದುಕೊಂಡಿದ್ದ. ಮೊದಲಿನ ಹಾಗೆ ಮಾತು ಇರಲಿಲ್ಲ, ನಗು ಇರಲಿಲ್ಲ. ಬೈದರೂ ತಿರುಗಿ ಒಂದು ಮಾತು ಆಡದ ಗಂಡನನ್ನು ಬೈಯುವುದರಲ್ಲಿ ಏನು ಸುಖ?

ಈ ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ, ಭೀಮಶ್ಯಾ ಗೇಟಿನ ಮೇಲಿದ್ದ ಹೊತ್ತು ನೋಡಿಯೇ ಇಬ್ಬರು ಅವಳ ಬಾಗಿಲಿಗೆ ಬಂದರು. ಒಬ್ಬರು ಜಂಕ್ಷನ್ ಬಾಯ್ಸಿನ ಕೋಚ್ ನರಸಿಂಹ ಮಾಸ್ತರರು. ಚಿತ್ತಾಪುರದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು, ಮನೆತನದಲ್ಲಿ ಗುಡಿಯ ಪೂಜೆ. ಹಣೆಯ ನಾಮ ಅಳಿಸದ ಹಾಗೆ ಅದರ ಸುತ್ತಲೂ ಬೆವರು ಒರೆಸಿಕೊಳ್ಳುವುದರಲ್ಲಿ ನಿಸ್ಸೀಮರು. ಇನ್ನೊಬ್ಬ ಟೀಮಿನ ಕ್ಯಾಪ್ಟನ್ ಸುರೇಶಕುಮಾರ. ಊರಿನ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟರ್, ಇನ್ನೂ ಮದುವೆಯಾಗದ ತರುಣ.

"ವೈನಿ, ಒಳಗ ಬರಬಹುದೇನ್ರಿ?" ಎಂದರು ಮಾಸ್ತರು.

"ಬರ್ರಿ, ಕುಂದ್ರಿ. ಹಾಳ ಚೆಂಡಿನ ಸುದ್ದಿ ಇದ್ರ ಮಾತ್ರ ಹೊರಗೇ ನಿಂತ ಮಾತಾಡ್ರಿ."

"ಅದರದ್ದೇ ಸುದ್ದಿರಿ," ಎಂದು ನಗುತ್ತಾ ಮಾಸ್ತರು ಕೂತೇ ಬಿಟ್ಟರು. ಲಾಲಮ್ಮ ಚಹಾ ಇಟ್ಟಳು.

ಸುದ್ದಿ ಏನೆಂದರೆ, ಮಾಸ್ತರರಿಗೆ ಭೀಮಶ್ಯಾ ಕ್ಲಬ್ಬಿಗೆ ಮರಳಿ ಬೇಕಾಗಿದ್ದ. ಕ್ಯಾಪ್ಟನ್ನಿಗೆ ಬೇಡವಾಗಿತ್ತು. ಚಹಾ ಕುದಿಯುವುದರೊಳಗೆ ಇಬ್ಬರೂ ಅವಳ ಮುಂದೆಯೇ ಜಗಳಕ್ಕೆ ಬಿದ್ದರು.

"ಹೋದ ವರ್ಷ ನಮ್ಮ ಹುಡುಗ್ರು ಓಡಿದ್ದು ಕೂಡಿಸಿದ್ರ ಹೈದರಾಬಾದ್ ಮುಟ್ಟತಿತ್ತು," ಎಂದರು ಮಾಸ್ತರು. "ಆದ್ರ ಗೋಲ್ ಮುಂದ ಹೋಗಿ ನಿಂತ್ರ ಒಬ್ಬೊಬ್ಬಂದೂ ಕೈಕಾಲ ನಡಗತಾವ. ಭೀಮಶ್ಯಾಂದು ನಡಗಂಗಿಲ್ಲ. ಆತ ಅಲ್ಲಿ ಸುಮ್ಮ ನಿಂತ್ರೂ ಸಾಕು, ಹುಡುಗ್ರಿಗೆ ಧೈರ್ಯ ಬರ್ತದ."

"ನಿಂತ್ರ ಸಾಕಾಗಂಗಿಲ್ಲರಿ ಸರ್," ಎಂದ ಸುರೇಶಕುಮಾರ. "ನಲವತ್ತ ದಾಟ್ಯಾವ. ಅವರು ನಿಂತ್ರ ಅವರ ಪಾಲಿಂದು ನಾವು ಓಡಬೇಕು. ಅದೂ ಇರ್ಲಿ, ಓಡತೀವಿ. ನಾ ಚೆಂಡ ಒದಿಯೋದು ಕಲ್ತಿದ್ದೇ ಭೀಮಣ್ಣನ ಕಡಿಂದ. ನಾಳಿಗೆ ಅವರು ನಡು ಮೈದಾನದಾಗ ಬಿದ್ದು, ಸೇಡಂ ಹುಡುಗ್ರು ಹೋ ಅಂತ ನಕ್ರ ನನಗ ನೋಡಾಕ ಆಗಂಗಿಲ್ಲ."

ಲಾಲಮ್ಮನಿಗೆ ಆ ಹುಡುಗನ ಮೇಲೆ ಸಿಟ್ಟು ಬರಬೇಕಿತ್ತು, ಪ್ರೀತಿ ಬಂತು. "ಇದನ್ನ ನನ್ನ ಮುಂದ ಯಾಕ ಹೇಳ್ಲಿಕತ್ತೀರಿ? ಅವರನ್ನೇ ಕೇಳ್ರಿ," ಎಂದಳು.

"ಕೇಳೀವಿ," ಎಂದರು ಮಾಸ್ತರು. "'ಮನ್ಯಾಗ ಕೇಳ್ರಿ, ಆಕಿ ಹೂಂ ಅಂದ್ರ ಬರ್ತೀನಿ' ಅಂದ್ರು. ಅದಕ್ಕ ನಾವಿಬ್ರೂ ಒಂದು ಮಾತಿಗೆ ಬಂದೀವಿ ವೈನಿ. ಅವರ ಮೊಣಕಾಲ ಹ್ಯಾಂಗದ ಅನ್ನೋದು ನಿಮಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಖರೇ ಹೇಳ್ರಿ. ನೀವು ಹೇಳಿದ್ದೇ ಕಡೀ ಮಾತು."

ಸ್ಟೋವಿನ ಮೇಲೆ ಚಹಾ ಉಕ್ಕಿತು. ಅದನ್ನು ಇಳಿಸುವ ನೆಪದಲ್ಲಿ ಲಾಲಮ್ಮ ಅವರಿಗೆ ಬೆನ್ನು ಮಾಡಿ ನಿಂತಳು. ಖರೇ ಹೇಳುವುದೇನೂ ಕಷ್ಟದ್ದಲ್ಲ. ಆ ಕಾಲಿನಿಂದ ಮೆಟ್ಟಿಲು ಇಳಿಯುವುದೇ ಆಗುವುದಿಲ್ಲ ಎಂದರೆ ಮುಗಿಯಿತು. ಇಷ್ಟು ವರ್ಷ ಬಾಯಿಗೆ ಬಂದದ್ದನ್ನೆಲ್ಲ ಅಂದವಳಿಗೆ ಈ ಒಂದು ಮಾತು ಎಷ್ಟರದ್ದು? ಆದರೆ ಅದನ್ನು ಅಂದ ಕೂಡಲೇ ಗಂಡನ ಆಟ ಕೊನೆಗೂ ಮುಗಿದಂತೆ. ಅವನು ಎಂದೂ ಆಡುವುದಿಲ್ಲ, ತಾನು ಎಂದೂ ನೋಡುವುದಿಲ್ಲ. ಸಾಯುವ ತನಕ ಕಲ್ಲಿನ ಅಂಗಡಿಯವನ ಕೈಯಾಟವನ್ನೇ ನೆನೆಸಿಕೊಂಡಿರಬೇಕು.

"ಕಾಲ ಗಟ್ಟಿ ಅದ," ಎಂದಳು ತಿರುಗದೆಯೇ. "ನಿನ್ನೆ ಅಟ್ಟ ಹತ್ತಿ ಜ್ವಾಳದ ಚೀಲ ಇಳಿಸ್ಯಾರ."

ಚೀಲ ಇಳಿಸಿದ್ದು ಶಗುಫ್ತಾಳ ಗಂಡ. ಮಾಸ್ತರು ತೊಡೆ ತಟ್ಟಿ ಎದ್ದರು. ಸುರೇಶಕುಮಾರ ಮಾತ್ರ ಕೂತಲ್ಲಿಂದಲೇ ಅವಳ ಬೆನ್ನನ್ನು ನೋಡಿದ.

ಅಂದಿನಿಂದ ಲಾಲಮ್ಮನಿಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿಲ್ಲ. ಒಂದು ಸಂಜೆ ಭೀಮಶ್ಯಾ ಪೆಟ್ಟಿಗೆಯಿಂದ ಹಳೆಯ ಬೂಟು ತೆಗೆದು, ಒಣಗಿ ಸೆಡೆತ ಚರ್ಮಕ್ಕೆ ಎಣ್ಣೆ ಹಚ್ಚುತ್ತಾ ಕೂತದ್ದನ್ನು ನೋಡಿದಳು. ನೋಡು, ಎಷ್ಟು ಆಸೆ ಇದೆ ಪಾಪ, ಎಂದು ತನ್ನ ಸುಳ್ಳಿಗೆ ತಾನೇ ಸಮಾಧಾನ ಹೇಳಿಕೊಂಡಳು. ಮರುಗಳಿಗೆಗೆ ಅವನು ಗೋಡೆ ಹಿಡಿದು ಎದ್ದದ್ದನ್ನು ನೋಡಿ ಆ ಸಮಾಧಾನವೂ ಹಾರಿಹೋಯಿತು. ಈ ಕಾಲು ಪೂರಾ ಹೋದರೆ? ಆಮೇಲೆ ಗೇಟಿನ ಮೇಲೆ ಯಾರು ನಿಲ್ಲಬೇಕು? ಶಗುಫ್ತಾಳ ಮುಂದೆ ಬಾಯಿ ಬಿಟ್ಟಳು. "ಹೇಳಿಬಿಡು ನಿನ್ನ ಗಂಡಗ," ಎಂದಳು ಶಗುಫ್ತಾ. ಹೇಳಬೇಕೆಂದು ಎಣ್ಣೆ ತಿಕ್ಕುವಾಗ ದಿನಾ ಬಾಯಿ ತೆರೆದಳು, ದಿನಾ ಬೈಗುಳವೇ ಹೊರಗೆ ಬಂತು.

ಜಂಕ್ಷನ್ ಬಾಯ್ಸಿನಲ್ಲಿ ಒಂದು ಪದ್ಧತಿ ಇದೆ. ಯಾರಿಗೂ ಬಾಯಿಬಿಟ್ಟು 'ಒಲ್ಲೆ' ಅನ್ನುವಂತಿಲ್ಲ. ಅಣ್ಣತಮ್ಮಂದಿರು, ಒಂದೇ ಓಣಿಯವರು, ಒಂದೇ ಪಾಳಿಯಲ್ಲಿ ದುಡಿಯುವವರು ಕೂಡಿ ಆಡುವ ಕ್ಲಬ್ಬು ಅದು. ಮುಖಕ್ಕೆ ಮುಖ ಕೊಟ್ಟು ನೀನು ಬೇಡ ಎಂದರೆ ನಾಳೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ಅದಕ್ಕೆ ಹಿಂದಿನವರು ದಾರಿ ಹುಡುಕಿದ್ದರು. ಸೀಜನ್ ಶುರುವಾಗುವ ಮೊದಲು ಒಂದು ಭಾನುವಾರ ಬೆಳಿಗ್ಗೆ, ಆಡಬೇಕೆನ್ನುವವರೆಲ್ಲ ಮೈದಾನದ ಖೋಲಿಯ ಕಟ್ಟೆಯ ಮೇಲೆ ಬೂಟು ಇಟ್ಟು, ಚಹಾ ಕುಡಿಯಲು ಹೋಗಬೇಕು. ಕೋಚ್ ಮತ್ತು ಕ್ಯಾಪ್ಟನ್ ಬೂಟುಗಳ ನಡುವೆ ಓಡಾಡಿ ಒಂದೊಂದನ್ನೂ ಹೊರಳಿಸುತ್ತಾರೆ. ಮೂತಿ ಮೈದಾನದ ಕಡೆ ಇದ್ದರೆ ನೀನು ಟೀಮಿನಲ್ಲಿ ಇದ್ದೀ. ಬೂಟು ಅಲ್ಲೇ ಬಿಟ್ಟು, ಸಂಜೆಯ ಆಟಕ್ಕೆ ಬಾ. ಮೂತಿ ರಸ್ತೆಯ ಕಡೆ ಇದ್ದರೆ ಬೂಟು ಎತ್ತಿಕೊಂಡು ಮನೆಗೆ ಹೋಗು. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಕ್ಲಬ್ಬೇ ನೀನು ಬೇಕು ಎಂದಾಗ, ನನಗೆ ಆಗುವುದಿಲ್ಲ ಎನ್ನಬೇಕಾದವನು ಏನು ಮಾಡಬೇಕೆಂದು ಮಾತ್ರ ಹಿಂದಿನವರು ಯೋಚನೆ ಮಾಡಿರಲಿಲ್ಲ.

ಆ ಭಾನುವಾರ ಭೀಮಶ್ಯಾ ಬೂಟಿನ ಚೀಲ ಹಿಡಿದು ಹೋದ. ಲಾಲಮ್ಮ ಮಷೀನಿನ ಮುಂದೆ ಕೂತು, ಒಂದು ಬ್ಲೌಸಿಗೆ ಎರಡೂ ಎಡತೋಳು ಹಚ್ಚಿ, ಅದನ್ನು ಬಿಚ್ಚುತ್ತಾ ಕೂತಳು. ಬಿಸಿಲು ಏರುವ ಹೊತ್ತಿಗೆ ಗಂಡ ಬಂದ. ಕೈ ಬರಿದಾಗಿತ್ತು. ಬೂಟು ಅಲ್ಲೇ ಬಿಟ್ಟು ಬಂದಿದ್ದ, ಅಂದರೆ ತೆಗೆದುಕೊಂಡಿದ್ದಾರೆ. ಆದರೆ ಮುಖದಲ್ಲಿ ಕಳೆ ಇರಲಿಲ್ಲ. ಕುರ್ಚಿಯ ಮೇಲೆ ದೊಪ್ಪನೆ ಕೂತ.

"ಏನಂದಿ ಅವ್ರಿಗೆ?" ಎಂದು ಕೇಳಿದ.

"ಏನನ್ನಬೇಕಿತ್ತು?"

"ಖರೇ ಅನ್ನಬೇಕಿತ್ತು," ಎಂದ ಭೀಮಶ್ಯಾ. ಎರಡು ವರ್ಷದಲ್ಲಿ ಅಷ್ಟು ಮಾತು ಅವನು ಒಮ್ಮೆಲೇ ಆಡಿರಲಿಲ್ಲ. "ಇಷ್ಟ ವರ್ಷ ಬೈಕೋತ ಬಂದಾಕಿ, ಈಗ ಒಂದ ಸಲ ಬೈದು ಅವ್ರನ್ನ ಹೊರಗ ಹಾಕ್ತಿ ಅಂತ ತಿಳದಿದ್ದೆ. ಈ ಕಾಲಿನಾಗ ಏನೂ ಉಳದಿಲ್ಲ ಲಾಲೂ. ಆಗಂಗಿಲ್ಲ ಅನ್ನೋದು ನನ್ನ ಬಾಯಿಲೆ ಬರಂಗಿಲ್ಲ. ಆ ಮೈದಾನದಾಗ ಯಾರಿಗೂ ಬರಂಗಿಲ್ಲ. ಯಾರ ಮುಂದನೂ ಹೇಳಬ್ಯಾಡ ಅಂತ ನಾನೇ ಅಂದಿದ್ರೂ, ಇವ್ರ ಮುಂದ ನೀ ಅಂತಿ ಅಂತಲೇ ನಿನ್ನ ಕಡಿ ಕಳಿಸಿದ್ದು. ಬೂಟ ರಸ್ತಿ ಕಡಿ ಹೊರಳಿರ್ತಾವ ಅಂತ ನಂಬಿ ಇಟ್ಟಿದ್ದೆ."

ಲಾಲಮ್ಮನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. "ಮತ್ತ ಬೂಟಿಗೆ ಎಣ್ಣಿ ಯಾಕ ಹಚ್ಚಿದ್ರಿ?"

"ಯಾವನಾರ ಹುಡುಗಗ ಕೊಡೋಣ ಅಂತ ತೆಗದೆ. ಒಣಗಿದ್ದು ಹ್ಯಾಂಗ ಕೊಡೋದು? ಹಚ್ಚಕೋತ ಕುಂತೆ. ಹಚ್ಚಿದ ಮ್ಯಾಲ ಕೊಡಾಕ ಮನಸ ಬರಲಿಲ್ಲ." ಅವನು ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡ. "ನೀ ಯಾಕ ಸುಳ್ಳ ಹೇಳಿದಿ?"

ಲಾಲಮ್ಮ ಬಿಚ್ಚಿದ ತೋಳನ್ನು ಮಡಿಚಿದಳು, ಮತ್ತೆ ಬಿಡಿಸಿದಳು.

"ನಾ ಒಂದ ಸಲನೂ ನೋಡಿಲ್ಲಲ್ಲ," ಎಂದಳು ಕೊನೆಗೆ. ಅಷ್ಟು ಅಂದದ್ದೇ ತಡ, ಅಳು ಒತ್ತರಿಸಿ ಬಂತು. "ಬಸ್ಸಿನ ಕಂಡಕ್ಟರ್ ನೋಡ್ಯಾನ. ಕಲ್ಲ ಮಾರವ ನೋಡ್ಯಾನ. ಚಂದಾಪುರದಾಗ ಯಾವಕೀನೋ ಒಬ್ಬಾಕಿ, ಆಕೀನೂ ನೋಡ್ಯಾಳ. ನಾ ಬರೇ ಕಾಲಚೀಲ ಒಗದೀನಿ. ನಿಮ್ಮ ಕಾಲ ಹಾಳಾಗಿ ಹೋಗ್ಲಿ ಅಂತ ಹೇಳಿಲ್ರಿ. ಒಂದ ಸಲ ನೋಡಬೇಕು ಅನ್ನಿಸ್ತು, ಹೇಳಿಬಿಟ್ಟೆ."

ಅವಳು ಅತ್ತದ್ದನ್ನು ಭೀಮಶ್ಯಾ ತನ್ನ ತಾಯಿ ಸತ್ತಾಗ ಬಿಟ್ಟರೆ ಕಂಡಿರಲಿಲ್ಲ.

"ಸಂಜಿಗೆ ಬಾ," ಎಂದ.

ಸಂಜೆ ಲಾಲಮ್ಮ ಎರಡು ಸೀರೆ ಉಟ್ಟು ಬಿಚ್ಚಿ, ಮೂರನೆಯದನ್ನು ಉಟ್ಟು, ಶಗುಫ್ತಾಳ ಕೈ ಹಿಡಿದುಕೊಂಡು ಮೈದಾನಕ್ಕೆ ಹೋದಳು. ರೈಲ್ವೆ ಹಳಿಯ ಆಚೆ, ಹುಲ್ಲಿಗಿಂತ ಕಲ್ಲುಪುಡಿಯೇ ಹೆಚ್ಚಿದ್ದ ಬಯಲು. ಅಂಚಿನಲ್ಲಿ ಒಡೆದ ಶಹಾಬಾದ್ ಕಲ್ಲಿನ ಹಾಸುಗಳು. ಅವಳನ್ನು ಕಂಡು ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ನರಸಿಂಹ ಮಾಸ್ತರು ತಮ್ಮ ಕುರ್ಚಿಯನ್ನೇ ತಂದರು. "ಬ್ಯಾಡರಿ, ನೆಲಕ್ಕ ಕುಂತ್ರ ನನಗೇನ ಕಾಲ ನೋಯಂಗಿಲ್ಲ," ಎಂದು ಲಾಲಮ್ಮ ಕಲ್ಲಿನ ಮೇಲೆ ಕೂತಳು. ಮಾಸ್ತರರಿಗೆ ಆ ಮಾತಿನ ಅರ್ಥ ಆಗ ಹೊಳೆಯಲಿಲ್ಲ.

ಕ್ಲಬ್ಬಿನವರೇ ಎರಡು ಭಾಗವಾಗಿ ಆಡುವ ಆಟ. ಸೀಟಿ ಊದಿದರು. ಎಲ್ಲರೂ ಓಡಿದರು, ಭೀಮಶ್ಯಾ ಓಡಲಿಲ್ಲ. ಗೋಲಿನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇವರೇನ ಹೊಲ ಕಾಯಾಕ ಬಂದಾರೇನ?" ಎಂದಳು ಲಾಲಮ್ಮ.

ಒಮ್ಮೆ ಚೆಂಡು ಅವನ ಹತ್ತಿರ ಬಂತು. ಅವನು ನಾಲ್ಕು ಹೆಜ್ಜೆ ಓಡಿದ. ಆ ನಾಲ್ಕು ಹೆಜ್ಜೆಗೆ ಲಾಲಮ್ಮ ಶಗುಫ್ತಾಳ ಮುಂಗೈ ಹಿಡಿದ ಹಿಡಿತಕ್ಕೆ ಶಗುಫ್ತಾಳ ಬಳೆ ಒಡೆಯಿತು. ಚೆಂಡು ಗೋಲಿನ ಮೇಲಿಂದ ಹಾರಿ ಹಳಿಯ ಕಡೆ ಹೋಯಿತು. ಹುಡುಗರು ಅಯ್ಯೋ ಎಂದರು. ಭೀಮಶ್ಯಾ ನಕ್ಕ. ತಲೆ ಹಿಂದಕ್ಕೆ ಹಾಕಿ, ಹಲ್ಲೆಲ್ಲ ಕಾಣುವ ಹಾಗೆ ನಕ್ಕ. ಇಂಥ ನಗು ಇವರಿಗೆ ಇತ್ತೇ ಎಂದು ಲಾಲಮ್ಮ ಬೆರಗಾದಳು. ಇದನ್ನು ಭಾನುವಾರ ಭಾನುವಾರ ಈ ಬಯಲಿಗೆ ಕೊಟ್ಟು, ಮನೆಗೆ ಬರೇ ಧೂಳು ತರುತ್ತಿದ್ದರಲ್ಲ ಎಂದು ಸಿಟ್ಟೂ ಬಂತು.

ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಸುರೇಶಕುಮಾರ ಚೆಂಡು ಕೊಟ್ಟ. ನೆಲದ ಮೇಲೆ ಜಾರುತ್ತಾ ಸೀದಾ ಭೀಮಶ್ಯಾನ ಕಡೆಗೇ ಬಂತು. ಎದುರಿನ ಮೂವರು ಅವನ ಮೇಲೆ ಏರಿ ಬಂದರು. ಅವನು ಹೊಡೆಯಲು ಕಾಲು ಎತ್ತಿದ. ಹೊಡೆಯಲಿಲ್ಲ. ಚೆಂಡನ್ನು ತನ್ನ ಎರಡು ಕಾಲಿನ ನಡುವೆ ಹಾಯಲು ಬಿಟ್ಟ. ಹಿಂದೆ ಯಾರ ಕಣ್ಣಿಗೂ ಬೀಳದೆ ನಿಂತಿದ್ದ ಒಬ್ಬ ಆಟಗಾರ ಅದನ್ನು ಮೆಲ್ಲಗೆ ಗೋಲಿನೊಳಗೆ ತಳ್ಳಿದ. ಮೈದಾನ ಕೂಗಿಕೊಂಡಿತು. ಗೋಲು ಹೊಡೆದವನನ್ನು ಬಿಟ್ಟು ಎಲ್ಲರೂ ಭೀಮಶ್ಯಾನ ಕಡೆ ಓಡಿದರು.

"ಇವರು ಮುಟ್ಟಲೇ ಇಲ್ಲಲ್ಲ?" ಎಂದಳು ಲಾಲಮ್ಮ. "ಇವರನ್ನ ಯಾಕ ಅಪ್ಪಿಕೊಳ್ಲಿಕತ್ತಾರ?"

"ಮುಟ್ಟಲಿಲ್ಲ ಅಂತಲೇ ವೈನಿ," ಎಂದರು ಮಾಸ್ತರು. ನಾಮ ಅಳಿಸಿದ್ದರ ಖಬರೇ ಅವರಿಗೆ ಇರಲಿಲ್ಲ. "ನನ್ನ ಹುಡುಗ್ರು ಯಾರ ಇದ್ರೂ ಹೊಡದು ಕೆಡಿಸ್ತಿದ್ರು."

ಲಾಲಮ್ಮನಿಗೆ ಪೂರಾ ತಿಳಿಯಲಿಲ್ಲ. ಆದರೆ ಕಣ್ಣಾರೆ ಕಂಡಳು. ಯಾರೂ ಹೇಳಬೇಕಾಗಿರಲಿಲ್ಲ.

ಭೀಮಶ್ಯಾ ಹುಡುಗರ ಕೈ ಬಿಡಿಸಿಕೊಂಡು, ಕುಂಟುತ್ತಾ ಅಂಚಿಗೆ ಬಂದ. ಆಟ ನಿಂತಿತು. "ಮಾಸ್ತರ್," ಎಂದ, ಎಲ್ಲರಿಗೂ ಕೇಳುವ ಹಾಗೆ. "ನನ್ನ ಕೈಲೆ ಆಗಂಗಿಲ್ಲರಿ. ನಾ ಒಲ್ಲೆ. ಮನ್ಯಾಗ ಹೇಳಿದ್ದು ಸುಳ್ಳ. ಆಕೀದು ತಪ್ಪಿಲ್ಲ, ಹೇಳಾಕ ಹಚ್ಚಿದ್ದು ನಂದು ತಪ್ಪು."

ಆ ಮೈದಾನದಲ್ಲಿ ಬಾಯಿಬಿಟ್ಟು ಆ ಮಾತು ಆಡಿದ್ದು ಅವನೇ ಮೊದಲು. ಮಾಸ್ತರು ಅವನ ಎರಡೂ ಕೈ ಹಿಡಿದುಕೊಂಡರು. ಬೇಡ ಬೇಡ ಎಂದಿದ್ದ ಸುರೇಶಕುಮಾರನೇ ಜೆರ್ಸಿಯ ಅಂಚಿನಿಂದ ಕಣ್ಣು ಒರೆಸಿಕೊಂಡ.

ಶಗುಫ್ತಾ ಜಾಣೆ, ಮುಂದೆ ಮುಂದೆ ನಡೆದುಬಿಟ್ಟಳು. ಗಂಡ ಹೆಂಡತಿ ಹಿಂದೆ ನಿಧಾನ ಬಂದರು. ಹಳಿ ದಾಟುವ ತನಕ ಲಾಲಮ್ಮ ತಡೆದುಕೊಂಡಳು. ಆಮೇಲೆ ಆಗಲಿಲ್ಲ.

"ಇಷ್ಟ ವರ್ಷ ನನ್ನ ಯಾಕ ಕರೀಲಿಲ್ಲ ನೀವು?"

ಭೀಮಶ್ಯಾ ನಿಂತ. "ನೀ ಒಲ್ಲೆ ಅಂದ್ರ ಅಂತ ಅಂಜಿಕಿ ಇತ್ತು. ಮೈದಾನದಾಗ ಯಾರೂ ಒಲ್ಲೆ ಅನ್ನಂಗಿಲ್ಲ. ಮನ್ಯಾಗ ನೀ ಅಂದುಬಿಟ್ಟಿದ್ರ, ನಾ ಆಡಾಕ ಹ್ಯಾಂಗ ಹೋಗ್ತಿದ್ದೆ?"

ಲಾಲಮ್ಮ ಅವನ ಮುಖ ನೋಡಿದಳು. ಹೊಳೆಯುವ ಬೆವರು, ಮೀಸೆಯಲ್ಲಿ ಬಿಳಿಗೂದಲು, ಅದರ ಮೇಲೆ ಕಲ್ಲುಪುಡಿ. ಈ ದೊಡ್ಡ ಮನುಷ್ಯ ತನ್ನ ಒಂದು ಮಾತಿಗೆ ಹೆದರಿಕೊಂಡು ಇಷ್ಟು ವರ್ಷ ಒಬ್ಬನೇ ಹೋಗಿ ಒಬ್ಬನೇ ಬಂದಿದ್ದ. ತಾನು ಅವನ ಒಂದು ಕರೆಗೆ ಕಾದುಕೊಂಡು ಮಷೀನು ತುಳಿದಿದ್ದಳು.

"ಒಲ್ಲೆ ಅಂತಿದ್ದಿಲ್ರಿ," ಎಂದಳು. "ಬೈತಿದ್ದೆ. ಬೈಕೋತ, ಹಿಟ್ಟಿನ ಕೈಲೇ ಎದ್ದ ಬರ್ತಿದ್ದೆ."

ಬೀದಿಯಲ್ಲಿ ಎಂದೂ ಹೆಂಡತಿಯ ಪಕ್ಕದಲ್ಲಿ ನಡೆಯದ ಭೀಮಶ್ಯಾ, ಕಾಲಿಗೆ ಆಸರೆ ಬೇಕೆಂಬ ಹಾಗೆ ಅವಳ ಹೆಗಲ ಮೇಲೆ ಕೈಯಿಟ್ಟ. ಓಣಿಯ ಬಾಗಿಲುಗಳಲ್ಲೆಲ್ಲ ಜನ ನಿಂತಿದ್ದರು. ಲಾಲಮ್ಮ ಆ ಕೈಯನ್ನು ಸರಿಸಲಿಲ್ಲ, ಯಾರನ್ನೂ ಬೈಯಲಿಲ್ಲ, ಮನೆಯ ತನಕ ಹಾಗೇ ನಡೆದಳು.